ಎರಡು ಕಟ್ಟು ಜೊಂಡು

ತಾಸ್‌ಬುಲಾಕ್, ಅರಲ್ ತೀರ
3 ಜನವರಿ 1977

ತಮ್ಮ ಎಸ್ಪೆನ್ಬೆತ್,

ನಿನ್ನ ಎರಡು ಸಾಲಿನ ಕಾಗದ ಬಂತು. "ಭಾವ ಹೋದರು ಅಕ್ಕ, ಧೈರ್ಯ ತಂದುಕೋ" ಎಂದು ಬರೆದಿದ್ದೀಯ. ಎಲ್ಲಿಂದ ತರಲಿ, ಅಂಗಡಿಯಿಂದಲೇ? ಮೀನಿನ ಬಗ್ಗೆ ಬರೆಯುವಾಗ ನಾಲ್ಕು ಪುಟ ತುಂಬಿಸುತ್ತಿದ್ದವನಿಗೆ ಭಾವನ ಸಾವಿಗೆ ಎರಡು ಸಾಲು ಸಾಕಾಯಿತೇ?

ಅದರ ಬೆನ್ನಿಗೇ ನಿಮ್ಮ ಮೀನುಗಾರಿಕೆ ಕಚೇರಿಯ ಕಾಗದವೂ ಬಂತು. ಮೊದಲು ಕುದುರೆಯ ವಿಷಯ. ಏಳು ವರ್ಷದ ಕಂದು ಗಂಡು ಕುದುರೆ, ಮುಳುಗಿ ಸತ್ತಿತು ಎಂದು ಎರಡು ಸಾಲು. ಆಮೇಲೆ ಬಲೆಗಳ ವಿಷಯ. ಎಲ್ಲಕ್ಕೂ ಕೊನೆಯಲ್ಲಿ ನಿನ್ನ ಭಾವ, ಒಂದೇ ಸಾಲಿನಲ್ಲಿ. ಡಿಸೆಂಬರ್ ಹದಿನೇಳರಂದು ಕುಡಿದ ಅಮಲಿನಲ್ಲಿ ನಿಯಮ ಮೀರಿ ಮಂಜುಗಡ್ಡೆಯ ಮೇಲೆ ಹೋಗಿ ಮುಳುಗಿದರಂತೆ. ಕೆಳಗೆ ಸಹಿ: ತಂಡದ ಮೇಸ್ತ್ರಿ ತುಗೆಲ್ಬಾಯ್.

ಕುಡಿದ ಅಮಲು! ನಮ್ಮ ಮದುವೆಯ ದಿನವೂ ಲೋಟ ಮುಟ್ಟದ ಮನುಷ್ಯ. ನಿನಗೆ ಗೊತ್ತಿಲ್ಲವೇ? ಕಾರ್ಖಾನೆಯಲ್ಲಿ ನಾನು ಮೀನು ಸೀಳುತ್ತಿದ್ದಾಗ ಪಕ್ಕದ ಮೇಜಿನವಳು, "ಪಾಪ, ಗಂಡಸ್ರು ದೂರ ಹೋದ್ರೆ ಕುಡಿಯೋದು ಕಲ್ತೇ ಕಲೀತಾರೆ ಬಿಡೆ" ಎಂದಳು. ಕೈಯಲ್ಲಿ ಚಾಕು ಇತ್ತು. ಕೆಳಗಿಟ್ಟು ಹೊರಗೆ ಹೋದೆ.

ಕಡಲು ಒಣಗುತ್ತಾ ನಮ್ಮನ್ನು ಬಿಟ್ಟು ಹೋಯಿತು, ಮೀನು ಹುಡುಕಿಕೊಂಡು ನೀವು ಬಾಲ್ಖಾಶ್ ಸರೋವರಕ್ಕೆ ಹೋದಿರಿ. ಅದಕ್ಕೆ ನಾನು ಯಾರನ್ನೂ ಬೈಯಲಿಲ್ಲ. ನೀನು ಒಂದು ವರ್ಷ ಮೊದಲು ಹೋಗಿದ್ದೆ. "ಭಾವನ್ನ ಕಳ್ಸಕ್ಕ, ನಾನು ನೋಡ್ಕೋತೀನಿ" ಎಂದೆ. ಕಳಿಸಿದೆ. ನಾಲ್ಕೇ ದಿನ ನೋಡಿಕೊಂಡೆ.

ಏನಾಯಿತು, ಯಾರು ಕಳಿಸಿದರು, ಯಾರು ನೋಡುತ್ತಾ ನಿಂತಿದ್ದರು, ಎಲ್ಲ ಬರೆ. ನನ್ನ ಎದೆ ಒಡೆಯುತ್ತದೆ ಎಂದು ಹೆದರಬೇಡ. ಒಡೆಯುವುದೇನೂ ಉಳಿದಿಲ್ಲ.

ನಿನ್ನ ಅಕ್ಕ
ಉಲ್ಮೆಕೆನ್


ಬಾಲ್ಖಾಶ್, ಮೂರನೇ ತಂಡದ ಬಿಡಾರ
16 ಜನವರಿ 1977

ಪ್ರೀತಿಯ ಅಕ್ಕ,

ಕೇಳಿದ್ದೀಯ, ಬರೆಯುತ್ತೇನೆ.

ಹದಿನೇಳನೇ ತಾರೀಖು ಬೆಳಿಗ್ಗೆ ಹಿಮ ಬೀಳುತ್ತಿತ್ತು. ಗಡ್ಡೆ ಒಂದು ಗೇಣಿಗಿಂತ ದಪ್ಪವಾಗಿತ್ತು, ಕುದುರೆ ತಡೆಯುತ್ತಿತ್ತು. ಅದಕ್ಕೆ ಮೊದಲ ಮೂರು ದಿನ ಭಾವ ಬಿಡಾರದಲ್ಲೇ ಬಲೆ ಹೊಲಿದಿದ್ದರು. ಅಂದು ಮೇಸ್ತ್ರಿ ಅವರನ್ನು ದೂರದ ಬಲೆಗಳ ಕಡೆಗೆ ಜಾರುಬಂಡಿಯಲ್ಲಿ ಒಬ್ಬರನ್ನೇ ಕಳಿಸಿದ. ದಾರಿಯಲ್ಲಿ, ದೊಡ್ಡ ಬಲೆ ಎಳೆಯಲು ಹಿಂದಿನ ದಿನ ಕೊರೆದ ಕಂಡಿಯೊಂದಿತ್ತು. ರಾತ್ರಿ ಅದರ ಮೇಲೆ ಎರಡು ಬೆರಳು ದಪ್ಪದ ಪೊರೆ ಕಟ್ಟಿತ್ತು, ಪೊರೆಯ ಮೇಲೆ ಹಿಮ ಕೂತಿತ್ತು, ಕಂಡಿಗೆ ಗುರುತೇ ಇರಲಿಲ್ಲ. ಅಲ್ಲಿ ಜೊಂಡು ನೆಟ್ಟಿರಲಿಲ್ಲ. ಕುದುರೆ, ಬಂಡಿ, ಭಾವ ಒಟ್ಟಿಗೇ ಹೋದರು.

ಮಧ್ಯಾಹ್ನದ ಹೊತ್ತಿಗೆ ಕೊಕ್ಕೆ ಹಾಕಿ ಭಾವನನ್ನು ತೆಗೆದೆವು. ಬಿಡಾರದ ಹಿಂದಿನ ಕಲ್ಲುದಿಬ್ಬದಲ್ಲಿ ಮಣ್ಣು ಮಾಡಿದೆವು. ನೆಲ ಕಬ್ಬಿಣವಾಗಿತ್ತು, ಟೈರ್ ಸುಟ್ಟು ಕರಗಿಸಿ ಅಗೆದೆವು. ಸ್ನಾನ ನಾನೇ ಮಾಡಿಸಿದೆ ಅಕ್ಕ. ಮುಖ ಶಾಂತವಾಗಿತ್ತು.

ಕುಡಿದಿದ್ದರು ಎಂಬ ಮಾತನ್ನು ಯಾರು ಬರೆಸಿದರೋ ಗೊತ್ತಿಲ್ಲ. ಇಲ್ಲಿ ಕಚೇರಿಯವರು ಏನು ಬೇಕಾದರೂ ಬರೆಯುತ್ತಾರೆ.

ನಿನ್ನ ಮುದ್ದು ಮಗಳು ಜಾನಿಲ್‌ಗೆ ಮಾವನ ಮುತ್ತು ಕೊಡು. ಭಾವನ ಟೋಪಿ ಕಳಿಸುತ್ತಿದ್ದೇನೆ.

ಎಸ್ಪೆನ್ಬೆತ್


ತಾಸ್‌ಬುಲಾಕ್
29 ಜನವರಿ 1977

ತಮ್ಮ,

ಮೊನ್ನೆ ನಲವತ್ತನೇ ದಿನದ ಊಟ ಮುಗಿಯಿತು. ಕುರಿ ಕೊಯ್ದೆವು. ಬಂದವರೆಲ್ಲ ತಿಂದರು, ಕೈ ತೊಳೆದರು, ಬಾಗಿಲು ದಾಟುವಾಗ ತಗ್ಗಿದ ದನಿಯಲ್ಲಿ ಒಂದೇ ಮಾತು ಆಡಿಕೊಂಡರು. ಅದು ಯಾವ ಮಾತು ಎಂದು ನಿನಗೆ ಗೊತ್ತು. ಕಾಗದ ತಂದ ಅಂಚೆಯವಳು ಇಡೀ ಊರಿಗೆ ಅದನ್ನು ಓದಿ ಹೇಳಿದ್ದಾಳೆ.

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ನನಗೆ ಬೇಕಾದ ಸಾಲು ಒಂದೇ. "ಅಲ್ಲಿ ಜೊಂಡು ನೆಟ್ಟಿರಲಿಲ್ಲ." ಕಂಡಿ ಕೊರೆಸಿದವನು ಗುರುತು ಹಾಕಿಸಲಿಲ್ಲ. ನಿನ್ನೆ ಮೊನ್ನೆ ಬಂದವರನ್ನು ಒಬ್ಬರನ್ನೇ ಅಲ್ಲಿಗೆ ಅಟ್ಟಿದ. ಸತ್ತ ಮೇಲೆ ತನ್ನ ತಲೆ ಉಳಿಸಿಕೊಳ್ಳಲು ಕುಡುಕ ಎಂದು ಬರೆದ. ಇಷ್ಟು ಮಾಡಿ ಆ ತುಗೆಲ್ಬಾಯ್ ಸಂಜೆ ಬೆಚ್ಚಗೆ ಕೂತು ಚಹಾ ಕುಡಿಯುತ್ತಿದ್ದಾನೆ, ನೀನು ಅವನ ಎದುರಿಗೆ ಕೂತು ಕುಡಿಯುತ್ತಿದ್ದೀಯ. ಗಂಟಲಲ್ಲಿ ಹೇಗೆ ಇಳಿಯುತ್ತದೋ?

ಅವನೂ ಅದೇ ನೀರು ಕುಡಿಯಬೇಕು. ಬೇರೆ ಏನೂ ಬೇಡ ನನಗೆ. ಪೊಲೀಸರು ಬೇಡ, ಕಚೇರಿ ಬೇಡ, ಯಾರ ಕ್ಷಮೆಯೂ ಬೇಡ. ಅವನ ಹೆಂಡತಿ ನನ್ನ ಹಾಗೆ ಕಾಗದ ಹಿಡಿದು ನಿಲ್ಲಬೇಕು.

ನಿನ್ನ ಭಾವನಿಗೆ ಅಣ್ಣತಮ್ಮಂದಿರಿಲ್ಲ. ಇರುವ ಗಂಡಸು ನೀನೊಬ್ಬ. ಗಡ್ಡೆಯ ಮೇಲೆ ಏನು ಬೇಕಾದರೂ ಆಗುತ್ತದೆ, ಯಾರೂ ಕೇಳುವುದಿಲ್ಲ ಎಂದು ಅವರೇ ತೋರಿಸಿಕೊಟ್ಟಿದ್ದಾರಲ್ಲ. ನಾನು ಏನು ಹೇಳುತ್ತಿದ್ದೇನೆ ಎಂದು ನಿನಗೆ ಬಿಡಿಸಿ ಹೇಳಬೇಕೇ?

ಶುಕ್ರವಾರ ಶುಕ್ರವಾರ ಸತ್ತವರ ಹೆಸರಲ್ಲಿ ಏಳು ರೊಟ್ಟಿ ಕರಿಯುತ್ತೇನೆ. ಎಣ್ಣೆ ಕಾಯುವಾಗ ಅವನ ಹೆಸರು ಹೇಳುತ್ತೇನೆ.

ಉಲ್ಮೆಕೆನ್


ಬಾಲ್ಖಾಶ್
14 ಫೆಬ್ರವರಿ 1977

ಅಕ್ಕ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಇಂಥದ್ದನ್ನು ಬರೆಯಬೇಡ, ಇಲ್ಲಿ ಕಾಗದಗಳನ್ನು ಬೇರೆಯವರೂ ಓದುತ್ತಾರೆ.

ಈಗ ಗಡ್ಡೆ ಮೊಣಕಾಲುದ್ದ ದಪ್ಪವಾಗಿದೆ. ಲಾರಿಯೇ ಓಡಾಡುತ್ತದೆ. ನೀನು ಹೇಳುವುದು ಈಗ ಆಗುವ ಮಾತಲ್ಲ. ಮಾರ್ಚ್ ಬರಲಿ, ಬಿಸಿಲು ಏರಲಿ, ಆಗ ನೋಡೋಣ. ಮೇಸ್ತ್ರಿಗೆ ಮಂಡಿ ನೋವು ಬೇರೆ, ಹೆಚ್ಚು ಹೊರಗೆ ಬರುವುದಿಲ್ಲ. ಅವನಿಗೆ ಮೂವರು ಹೆಣ್ಣುಮಕ್ಕಳು. ಬಾಯಿ ಹೊಲಸು, ಬೆಳಗಾದರೆ ಎಲ್ಲರ ಅಪ್ಪಂದಿರನ್ನೂ ಬೈಯುತ್ತಾನೆ. ಆದರೆ ನನ್ನ ಬೂಟು ಹರಿದಾಗ ತನ್ನ ಹಳೆಯ ಉಣ್ಣೆ ಬೂಟು ತಂದು ಎಸೆದ. "ತಗೊಳ್ಳೋ, ಕಾಲ್ಬೆರಳು ಉದುರಿಸ್ಕೊಂಡು ನನ್ ತಲೆಗೆ ತರ್ಬೇಡ" ಎಂದ. ನೀನು ಕೇಳಿದೆಯಲ್ಲ ಎಂದು ಬರೆದೆ. ಅವನ ಪರ ಮಾತಾಡುತ್ತಿಲ್ಲ.

ನೀನು ಊಟ ಮಾಡುತ್ತಿದ್ದೀಯಾ? ನಿನ್ನ ಅತ್ತೆಯ ಕಣ್ಣು ಹೇಗಿದೆ?

ಎಸ್ಪೆನ್ಬೆತ್


ತಾಸ್‌ಬುಲಾಕ್
27 ಫೆಬ್ರವರಿ 1977

ಎಸ್ಪೆನ್ಬೆತ್,

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ, ಬಿಚ್ಚಿ ನೋಡು. ನನ್ನ ಬಿಳಿ ತಲೆವಸ್ತ್ರ. ಒಗೆದು ಮಡಿಸಿ ಕಳಿಸಿದ್ದೇನೆ. ಗಂಟು ಗದ್ದದ ಕೆಳಗೆ ಬರುವ ಹಾಗೆ ಕಟ್ಟಿಕೋ. ಮೇಸ್ತ್ರಿ ಕೊಟ್ಟ ಬೂಟಿಗೆ ಚೆನ್ನಾಗಿ ಒಪ್ಪುತ್ತದೆ. ಅದನ್ನು ಕಟ್ಟಿಕೊಂಡು ಅವನ ಮೂವರು ಹೆಣ್ಣುಮಕ್ಕಳ ಜೊತೆ ನಾಲ್ಕನೆಯವಳಾಗಿ ಕೂತಿರು.

ಅತ್ತೆಯ ಕಣ್ಣು ಕೇಳಿದೆಯಲ್ಲ. ಪೂರ್ತಿ ಹೋಗಿದೆ. ಆದರೆ ಕೈ ಇದೆ. ಕಳೆದ ಶುಕ್ರವಾರ ರೊಟ್ಟಿ ಕರಿದ ಮೇಲೆ ನಾನು ಅವರ ಮುಂದೆ ಮಂಡಿಯೂರಿ ಕೂತೆ. "ಅತ್ತೆ, ಕೈ ಮಗುಚಿ" ಎಂದೆ. ಮೊದಲು ಒಪ್ಪಲಿಲ್ಲ. "ಎಂಬತ್ತೊಂದು ವರ್ಷದಲ್ಲಿ ಈ ಕೈಲಿ ಹರಸಿದ್ದೇ ಆಯ್ತು ಕಣೇ, ಈಗ ಯಾಕೆ ಮಾಡಿಸ್ತೀಯ?" ಎಂದರು. ನಾನು ಏಳಲಿಲ್ಲ. ನಿನ್ನ ಕಾಗದದ ಆ ಜೊಂಡಿನ ಸಾಲನ್ನು ಮತ್ತೆ ಓದಿದೆ. ಆಗ ಹರಸಲು ಎತ್ತುವ ಅಂಗೈಗಳನ್ನು ಕೆಳಗೆ ಮಾಡಿ, ಹಿಂಗೈ ಮೇಲೆ ಮಾಡಿ, ಎತ್ತಿದರು. "ನನ್ನ ಮಗ ಯಾರಿಂದ ಹೋದ್ನೋ ಅವನ ಮನೆ ಒಲೆ ಆರ್ಲಿ, ಅವನಿಗೆ ಹೊರಲು ನಾಲ್ಕು ಜನ ಸಿಗ್ದೇ ಇರ್ಲಿ" ಎಂದರು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು, ಎರಡು ದಿನ ಹಾಲೂ ಮುಟ್ಟಲಿಲ್ಲ.

ಇನ್ನು ಅವನು ಉಳಿಯುವುದಿಲ್ಲ. ಆದರೂ ಕೈಕಟ್ಟಿ ಕೂರಬೇಡ. ಉಪಾಯ ನಾನೇ ಯೋಚಿಸಿದ್ದೇನೆ, ನಿನ್ನ ತಲೆಗೆ ಹೊಳೆಯುವುದಿಲ್ಲ. ಅವನು ಬರುವ ಕಡೆ ಕಂಡಿಯೊಂದರ ಮೇಲೆ ಪೊರೆ ಕಟ್ಟಲು ಬಿಡು. ಅದರ ಎಡಕ್ಕೊಂದು ಬಲಕ್ಕೊಂದು ಕಟ್ಟು ಜೊಂಡು ನೆಡು, ನಮ್ಮ ಕಡಲ ಮೇಲೆ ದಾರಿಗೆ ನೆಡುತ್ತೇವಲ್ಲ, ಹಾಗೆ. ನಡುವೆ ದಾರಿ ಎಂದುಕೊಂಡು ನೆಟ್ಟಗೆ ಬರುತ್ತಾನೆ. ಬಂದ ಮೇಲೆ ನೀನು ಏನೂ ಮಾಡಬೇಕಿಲ್ಲ.

ಉಲ್ಮೆಕೆನ್


ಬಾಲ್ಖಾಶ್
13 ಮಾರ್ಚ್ 1977

ಅಕ್ಕ,

ಅತ್ತೆ ಹೆಸರು ಹೇಳಿದರಾ? "ಯಾರಿಂದ ಹೋದನೋ" ಎಂದಷ್ಟೇ ಅಂದರಾ, ತುಗೆಲ್ಬಾಯ್ ಎಂದೂ ಅಂದರಾ? ನೆನಪು ಮಾಡಿಕೊಂಡು ಸರಿಯಾಗಿ ಬರೆ. ಮುದುಕರನ್ನು ಇಂಥ ಕೆಲಸಕ್ಕೆ ಹಚ್ಚಬಾರದಿತ್ತು. ಹಿಂದಕ್ಕೆ ತಗೊಳ್ಳಲು ಆಗುತ್ತದಾ ಎಂದು ಮುಲ್ಲಾರನ್ನು ಕೇಳು.

ತಲೆವಸ್ತ್ರ ಬಂತು. ಬಿಡಾರದಲ್ಲಿ ಎಲ್ಲರ ಎದುರೇ ಬಿಚ್ಚಿಬಿಟ್ಟೆ, ತಿಂಡಿ ಇರಬಹುದು ಎಂದುಕೊಂಡು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೀನು ಹೇಳಿದ ಉಪಾಯ ಇಲ್ಲಿ ನಡೆಯುವುದಿಲ್ಲ. ಇಲ್ಲಿಯವರ ರೂಢಿ ನಮ್ಮದಕ್ಕೆ ತಿರುಗುಮುರುಗು. ದಾರಿಗೆ ಒಂದೊಂದೇ ಕಟ್ಟು ನೆಡುತ್ತಾರೆ. ಎರಡು ಕಟ್ಟು ಕಂಡರೆ ನಡುವೆ ಕಂಡಿ ಇದೆ, ಹತ್ತಿರ ಬರಬೇಡ ಎಂದು. ತುಗೆಲ್ಬಾಯ್ ಈ ವಿಷಯದಲ್ಲಿ ರಾಕ್ಷಸ. ಒಂದು ಕಂಡಿಯನ್ನೂ ಎರಡು ಕಟ್ಟು ನೆಡದೆ ಬಿಟ್ಟವನಲ್ಲ, ತಾನೇ ಹೋಗಿ ಅಲ್ಲಾಡಿಸಿ ನೋಡಿ ಬರುತ್ತಾನೆ. ಅವನನ್ನು ಜೊಂಡಿನಿಂದ ಮೋಸ ಮಾಡಲಾಗದು.

ಇಷ್ಟು ಸಾಕು ಅಕ್ಕ. ಬಿಟ್ಟುಬಿಡು. ಭಾವ ಇದ್ದಿದ್ದರೆ ಬಿಡು ಎನ್ನುತ್ತಿದ್ದರು.

ಎಸ್ಪೆನ್ಬೆತ್


ತಾಸ್‌ಬುಲಾಕ್
25 ಮಾರ್ಚ್ 1977

ಎಸ್ಪೆನ್ಬೆತ್,

ಅತ್ತೆ ಹೆಸರು ಹೇಳಲಿಲ್ಲ.

ನಿನ್ನ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಜನವರಿಯದರಲ್ಲಿ, ಅಲ್ಲಿ ಜೊಂಡು ನೆಟ್ಟಿರಲಿಲ್ಲ ಎಂದಿದೆ. ಮಾರ್ಚಿನದರಲ್ಲಿ, ಮೇಸ್ತ್ರಿ ಒಂದು ಕಂಡಿಯನ್ನೂ ಎರಡು ಕಟ್ಟು ನೆಡದೆ ಬಿಟ್ಟವನಲ್ಲ ಎಂದಿದೆ. ಎರಡರಲ್ಲಿ ಒಂದು ಸುಳ್ಳು. ನಾನು ಮೀನು ಸೀಳುವವಳು, ಒಳಗೆ ಏನಿದೆ ಎಂದು ನೋಡದೆ ಬಿಡುವುದಿಲ್ಲ.

ಆ ಕಂಡಿಗೆ ಎರಡು ಕಟ್ಟು ಇದ್ದವು. ಅಲ್ಲವೇ? ನಿನ್ನ ಭಾವ ಅವನ್ನು ನೋಡಿ, ಇದು ದಾರಿ ಎಂದುಕೊಂಡು, ಮೂವತ್ತು ವರ್ಷ ನಮ್ಮ ಕಡಲ ಮೇಲೆ ಮಾಡಿದ ಹಾಗೆ, ಕುದುರೆಯನ್ನು ನಡುವೆ ಹೊಡೆದರು. ನಾನು ತುಗೆಲ್ಬಾಯ್‌ಗೆ ಯೋಚಿಸಿದ ಸಾವನ್ನು ನನ್ನ ಗಂಡ ಆಗಲೇ ಸತ್ತಿದ್ದರು.

ಇಲ್ಲಿಯ ರೂಢಿ ಬೇರೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ನಾಲ್ಕು ದಿನ ನಿನ್ನ ಪಕ್ಕದಲ್ಲೇ ಮಲಗಿದ್ದರಲ್ಲ.

ಬರೆ.


ಬಾಲ್ಖಾಶ್
24 ಏಪ್ರಿಲ್ 1977

ಅಕ್ಕ,

ಈ ಕಾಗದವನ್ನು ಐದು ಸಲ ಹರಿದಿದ್ದೇನೆ. ನೀನು ಎರಡನೇ ಕಾಗದ ಬರೆಯಲಿಲ್ಲ, ಬೈಯಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಟ್ಟುಗಳಿದ್ದವು. ಎರಡೂ ಇದ್ದವು. ನೆಟ್ಟವನು ನಾನೇ.

ಹೊಸಬರಿಗೆ ಅವರವರ ಊರಿನವರೇ ಇಲ್ಲಿಯ ರೂಢಿ ಕಲಿಸಬೇಕು ಎಂದು ಮೇಸ್ತ್ರಿ ನಿಯಮ ಮಾಡಿದ್ದಾನೆ. ಭಾವ ಬಂದ ದಿನವೇ ನನಗೆ, "ನಿನ್ ಭಾವಂಗೆ ಜೊಂಡಿನ್ ವಿಷ್ಯ ಹೇಳೋ, ಮರೀಬೇಡ" ಎಂದ. ಮರೆಯಲಿಲ್ಲ ಅಕ್ಕ. ಮರೆತಿದ್ದರೆ ಹಾಗೇ ಬರೆಯುತ್ತಿದ್ದೆ. ಬೇಕೆಂದೇ ಹೇಳಲಿಲ್ಲ.

ನಮ್ಮಿಬ್ಬರ ಆಟ ನಿನಗೆ ಗೊತ್ತಲ್ಲ. ನಿನ್ನ ಮದುವೆಯ ಮಾರನೇ ಬೆಳಿಗ್ಗೆ ಭಾವ ನನ್ನ ಬೂಟಿನೊಳಗೆ ಜೀವಂತ ಮೀನು ಬಿಟ್ಟು ಊರೆಲ್ಲ ನಗಿಸಿದ್ದರು. ಆಮೇಲೆ ನಾನು ಅವರ ಚಹಾಕ್ಕೆ ಸಾಬೂನು ಹಾಕಿದೆ. ಅವರು ನನ್ನ ಅಂಗಿಯ ತೋಳನ್ನು ರಜಾಯಿಗೆ ಸೇರಿಸಿ ಹೊಲಿದರು. ಹೆಂಡತಿಯ ತಮ್ಮನನ್ನು ಭಾವ ಕೆಣಕಬೇಕು, ಭಾವನನ್ನು ತಮ್ಮ ಕೆಣಕಬೇಕು, ಯಾರೂ ಸಿಟ್ಟಾಗಬಾರದು. ಇಲ್ಲಿಗೆ ಬಂದ ಮೊದಲ ಸಂಜೆಯೇ ಭಾವ ಎಲ್ಲರ ಎದುರು, "ನನ್ ಭಾಮೈದ ಹುಟ್ಟಿದ್ದೇ ಕಡಲು ಒಣಗಿದ್ಮೇಲೆ, ಗಡ್ಡೆ ಅಂದ್ರೆ ಸಕ್ಕರೆಗಡ್ಡೆ ಅಂದ್ಕೊಂಡಿದಾನೆ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ತಿರುಗಿಸಿ ಕೊಡಲು ಏನು ಮಾಡಲಿ ಎಂದು ಯೋಚಿಸುತ್ತಾ ಮಲಗಿದೆ.

ಭಾವ ಕಟ್ಟುಗಳ ಕಡೆಗೆ ಬಂಡಿ ಹೊಡೆಯುತ್ತಾರೆ, ಮೇಸ್ತ್ರಿ ದೂರದಿಂದಲೇ ಕಂಡು ಅವರ ಅಪ್ಪ ಅಜ್ಜನನ್ನೆಲ್ಲ ಬೈಯುತ್ತಾ ಓಡಿ ಬರುತ್ತಾನೆ, ಮೂವತ್ತು ವರ್ಷದ ಅನುಭವಿ ಎಲ್ಲರ ಮುಂದೆ ಪೆಚ್ಚಾಗುತ್ತಾನೆ. ನಾನು ಕಟ್ಟಿಕೊಂಡ ಆಟ ಇಷ್ಟೇ. ಅಂದು ತನ್ನ ಜಾರುಬಂಡಿಯ ಅಡಿಪಟ್ಟಿ ಮುರಿದು ಮೇಸ್ತ್ರಿ ಬಿಡಾರದಲ್ಲೇ ಉಳಿದ. ಹೊರಗೆ ನಾನೊಬ್ಬನೇ ಇದ್ದೆ, ಕಂಡಿಯಿಂದ ನೂರು ಹೆಜ್ಜೆ ದೂರದಲ್ಲಿ. ಕೂಗಬಹುದಿತ್ತು. ಬಾಯಿ ತೆರೆದೆ. ಇನ್ನೊಂದು ಸ್ವಲ್ಪ ಹತ್ತಿರ ಬರಲಿ, ಆಗ ಇನ್ನೂ ಚೆನ್ನಾಗಿರುತ್ತದೆ ಎಂದು ಬಾಯಿ ಮುಚ್ಚಿದೆ. ನಗು ತಡೆದುಕೊಳ್ಳಲು ಕೈಗವಸು ಕಚ್ಚಿಕೊಂಡಿದ್ದೆ ಅಕ್ಕ.

ನಮ್ಮ ಉಪ್ಪುನೀರಿನ ಗಡ್ಡೆ ಮುರಿಯುವ ಮುಂಚೆ ಬಾಗುತ್ತದೆ, ಕುದುರೆಗೆ ಗೊತ್ತಾಗಿ ನಿಲ್ಲುತ್ತದೆ. ಇದೂ ಬಾಗುತ್ತದೆ, ಭಾವ ಹಿಂದಕ್ಕೆ ಎಳೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲಿಯದು ಸಿಹಿನೀರು. ಬಾಗಲೇ ಇಲ್ಲ. ಗಾಜು ಒಡೆದ ಹಾಗೆ ಒಂದೇ ಸದ್ದು. ಭಾವ ನೀರಿಗೆ ಬೀಳುವ ಮುಂಚೆ ತಿರುಗಿ ನನ್ನ ಕಡೆ ನೋಡಿದರು. ನಾನು ಅಲ್ಲಿದ್ದದ್ದು ಅವರಿಗೆ ಗೊತ್ತಿತ್ತು.

ಮೇಸ್ತ್ರಿ ವಿಚಾರಿಸಿದಾಗ, ಭಾವ ಕುಡಿದಿದ್ದರು, ನಾನು ಹೇಳಿದ್ದನ್ನು ಕೇಳಲಿಲ್ಲ ಎಂದೆ. ಅದೂ ನಾನೇ.

ಇನ್ನೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಎರಡು ಕಟ್ಟು ನೆಟ್ಟರೆ ಮೇಸ್ತ್ರಿ ಮೋಸ ಹೋಗುವುದಿಲ್ಲ ಎಂದು ನಿನಗೆ ಬರೆದೆನಲ್ಲ. ಆ ಕಾಗದ ಅಂಚೆಗೆ ಹಾಕಿದ ಎರಡನೇ ದಿನ, ಅವನ ದಾರಿಯಲ್ಲಿದ್ದ ಕಂಡಿಯ ಎರಡೂ ಕಟ್ಟು ಕಿತ್ತು ಹಿಮದಲ್ಲಿ ಹೂತೆ. ನಿನ್ನ ತಲೆವಸ್ತ್ರ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಅವನು ಸತ್ತರೆ ನಿನಗೆ ಸಮಾಧಾನವಾಗುತ್ತದೆ, ನೀನು ಇನ್ನು ಏನೂ ಕೇಳುವುದಿಲ್ಲ, ನಾನು ಬದುಕಿಕೊಳ್ಳುತ್ತೇನೆ ಎಂದುಕೊಂಡೆ. ಅವನ ಬಂಡಿ ಬಂತು. ಇನ್ನು ಇಪ್ಪತ್ತು ಹೆಜ್ಜೆ ಇದ್ದಾಗ ನನ್ನ ಬಾಯಿ ತಾನಾಗಿಯೇ ಕಿರುಚಿತು.

"ಏನೋ ಅದು, ತೋಳ ಕಂಡ್ಯಾ?" ಎಂದ ಕುದುರೆ ನಿಲ್ಲಿಸಿ.

"ಅಲ್ಲಿ ಕಂಡಿ ಇದೆ."

"ಕಟ್ಟು ಎಲ್ಲೋ?"

"ನಾನು ಕಿತ್ತೆ."

"ನಂಗೆ ಅಂತ್ಲಾ?"

"ಹೂಂ."

ಬಂಡಿಯಿಂದ ಇಳಿದು ಟೋಪಿ ತೆಗೆದು ತಲೆ ಕೆರೆದುಕೊಂಡ. ಹೊಡೆಯುತ್ತಾನೆ ಎಂದು ಕಾದೆ. "ನಿಮ್ಮಕ್ಕ ಹೇಳಿದ್ಲು ಅಲ್ವಾ? ಆ ಬಟ್ಟೆ ಬಂದಾಗ್ಲೇ ಅಂದ್ಕೊಂಡೆ" ಎಂದ. ಆಮೇಲೆ, "ಅವತ್ತು ಅವನು ಕುಡಿದಿದ್ದ ಅಂತ ನೀನು ಅಂದಾಗ್ಲೇ ನಂಗೆ ಗೊತ್ತಾಯ್ತು ಕಣೋ, ನೀನು ಅವನಿಗೆ ಹೇಳೇ ಇಲ್ಲ ಅಂತ. ಆದ್ರೂ ಸಹಿ ಹಾಕ್ದೆ. ನಿನ್ ತಲೆ ಉಳೀತು, ನನ್ ತಲೆನೂ ಉಳೀತು. ಹೋದೋನಿಗೆ ಏನಾಗ್ಬೇಕು ಅಂದ್ಕೊಂಡೆ. ಅವನಿಗೆ ಹೆಂಡ್ತಿ ಇದಾಳೆ ಅನ್ನೋದು ತಲೇಲಿ ಇರ್ಲಿಲ್ಲ" ಎಂದ. ಇಬ್ಬರೂ ಸೇರಿ ಕಟ್ಟುಗಳನ್ನು ಅಗೆದು ತೆಗೆದು ಮತ್ತೆ ನೆಟ್ಟೆವು.

ಏನು ಮಾಡಲಿ ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ. ಅದೇ ಕಂಡಿಯಲ್ಲಿ ಇಳಿ ಎಂದರೂ ಇಳಿಯುತ್ತೇನೆ.

ಎಸ್ಪೆನ್ಬೆತ್


ತಾಸ್‌ಬುಲಾಕ್
11 ಮೇ 1977

ಎಸ್ಪೆನ್ಬೆತ್,

ಕಂಡಿಯಲ್ಲಿ ಇಳಿಯುತ್ತಾನಂತೆ! ಮೇ ತಿಂಗಳಲ್ಲಿ ಗಡ್ಡೆಯೆಲ್ಲ ಕರಗಿದ ಮೇಲೆ. ಇಳಿದರೆ ಮೀನಿನ ಜೊತೆ ಈಜಿಕೊಂಡು ಆರಾಮಾಗಿ ಇರುತ್ತೀಯ, ಉಳಿದವರು ನಾವು. ಅಷ್ಟು ಸುಲಭಕ್ಕೆ ನಿನ್ನನ್ನು ಬಿಡುವುದಿಲ್ಲ.

ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ, ನೀನು ಕೈಗವಸು ಕಚ್ಚಿಕೊಂಡದ್ದನ್ನೂ ಹೇಳಿದೆ. ಕೊನೆಯವರೆಗೂ ಕೇಳಿದರು. ಆಮೇಲೆ, "ಹಾಗಾದ್ರೆ ನಾನಂದ ಮಾತು ಅವನ ಹತ್ರಾನೇ ಹೋಗಿರುತ್ತೆ" ಎಂದರು. ನೀನು ಚಿಕ್ಕವನಿದ್ದಾಗ ಅವರ ತೊಡೆಯ ಮೇಲೆ ಕೂತು ಒಣಮೊಸರು ತಿಂದವನು. ಹಿಂದಕ್ಕೆ ಕರೆಯಿರಿ ಎಂದು ನಾನು ಕೇಳಲಿಲ್ಲ. ಅವರೂ ಕರೆಯಲಿಲ್ಲ.

ತುಗೆಲ್ಬಾಯ್‌ಗೆ ನಾನೇ ಕಾಗದ ಬರೆದೆ. ಅವನನ್ನು ಕೊಲ್ಲಿಸಲು ಹೊರಟಿದ್ದವಳು ನಾನು ಎಂದು ಹೆಸರು ಹಾಕಿ ಬರೆದೆ. ಕ್ಷಮೆ ಕೇಳಿದೆ, ಆ ಸಹಿಗಾಗಿ ನಾಲ್ಕು ಮಾತು ಬೈದೂ ಬೈದೆ.

ಈಗ ನಿನ್ನ ವಿಷಯ. ನಿನ್ನ ಭಾವ ಕುಡಿದಿರಲಿಲ್ಲ ಎಂದು ಕಚೇರಿಗೆ ನಿನ್ನ ಕೈಯಲ್ಲೇ ಬರೆದು ಕೊಡು, ಅದರ ಪ್ರತಿ ನನಗೆ ಕಳಿಸು. ಅದನ್ನು ಕಾರ್ಖಾನೆಯಲ್ಲಿ ಮೇಜಿನ ಮೇಲೆ ಹತ್ತಿ ನಿಂತು ಓದುತ್ತೇನೆ.

ವರ್ಷದ ಊಟವನ್ನು ಚಳಿ ಬೀಳುವ ಮುಂಚೆಯೇ, ಅಕ್ಟೋಬರ್ ಒಂಬತ್ತಕ್ಕೆ ಇಟ್ಟಿದ್ದೇನೆ. ಸಾವಿನ ಮನೆಯ ಬಾಗಿಲಲ್ಲಿ ಕೋಲೂರಿ ನಿಂತು ಬಂದವರನ್ನು ಅಪ್ಪಿಕೊಳ್ಳಬೇಕಾದ ಗಂಡಸು ನೀನು. ಡಿಸೆಂಬರಿನಲ್ಲಿ ನಿಲ್ಲಲಿಲ್ಲ. ಈಗ ಬಂದು ನಿಲ್ಲು. ಬರುವವರೆಲ್ಲ ನಿನ್ನ ಹೆಗಲಿಗೆ ಕೈಹಾಕಿ ಕೇಳುತ್ತಾರೆ, "ಹೇಗೆ ಹೋದ ಪುಣ್ಯಾತ್ಮ?" ಎಂದು. ಅದು ರೂಢಿ, ಕೇಳದೆ ಯಾರೂ ಒಳಗೆ ಬರುವುದಿಲ್ಲ. ನೀನು ಹೇಳಬೇಕು. ನನಗೆ ಬರೆದ ಹಾಗೆಯೇ, ಪ್ರತಿಯೊಬ್ಬರಿಗೂ.

ಉಲ್ಮೆಕೆನ್


ಬಾಲ್ಖಾಶ್
2 ಸೆಪ್ಟೆಂಬರ್ 1977

ಅಕ್ಕ,

ಬರೆದುಕೊಟ್ಟೆ. ಪ್ರತಿ ಇದರ ಜೊತೆಗಿದೆ, ಮುದ್ರೆ ಬಿದ್ದಿದೆ. ಬೇಸಿಗೆಯೆಲ್ಲ ಕರೆದು ಕರೆದು ಕೇಳಿದರು. ತುಗೆಲ್ಬಾಯ್‌ನನ್ನು ಮೇಸ್ತ್ರಿ ಕೆಲಸದಿಂದ ತೆಗೆದರು, ಈಗ ನನ್ನ ಪಕ್ಕದಲ್ಲೇ ಕೂತು ಮೀನಿಗೆ ಉಪ್ಪು ಹಾಕುತ್ತಾನೆ. ನನ್ನನ್ನು ಗಡ್ಡೆಯ ಮೇಲೆ ಕಳಿಸಬಾರದು ಎಂದು ಆಜ್ಞೆಯಾಗಿದೆ. ಇಲ್ಲಿ ಯಾರೂ ನನ್ನ ತಟ್ಟೆಯಿಂದ ರೊಟ್ಟಿ ಮುರಿಯುವುದಿಲ್ಲ. ನಾನು ಕೂತರೆ ಎದ್ದು ಹೋಗುತ್ತಾರೆ. ಹಗಲೆಲ್ಲ ಬೈಯುವ ತುಗೆಲ್ಬಾಯ್ ಒಬ್ಬನೇ ಊಟಕ್ಕೆ ಪಕ್ಕದಲ್ಲಿ ಕೂರುತ್ತಾನೆ.

ಬರುತ್ತೇನೆ. ಆದರೆ ಒಂದು ಬೇಡಿಕೊಳ್ಳುತ್ತೇನೆ. ಎಲ್ಲರ ಮುಂದೆ ಬೇಡ. ಹಿರಿಯರು ನಾಲ್ಕು ಜನರನ್ನು ಕರೆ, ಅವರಿಗೆ ಹೇಳುತ್ತೇನೆ, ಅವರು ಏನು ಶಿಕ್ಷೆ ಕೊಟ್ಟರೂ ಸರಿ. ಜಾನಿಲ್ ಏಳು ವರ್ಷದ ಹುಡುಗಿ. ಅವಳಿಗೆ ಇರುವುದು ನಾನೊಬ್ಬ ಮಾವ. ಅವಳ ಕಿವಿಗೆ ಬೀಳುವುದು ಬೇಡ. ಅವಳ ಮಟ್ಟಿಗೆ ಗಡ್ಡೆ ಒಡೆಯಿತು ಎಂದಷ್ಟೇ ಇರಲಿ. ಅದೂ ನಿಜವೇ ತಾನೇ?

ಬೇಡ ಎಂದರೆ ಝೈಸಾನ್ ಸರೋವರದ ಕಡೆ ಹೊರಟುಹೋಗುತ್ತೇನೆ, ಅಲ್ಲಿ ನನ್ನನ್ನು ಬಲ್ಲವರಿಲ್ಲ.

ನಿನ್ನ ತಮ್ಮ
ಎಸ್ಪೆನ್ಬೆತ್


ತಾಸ್‌ಬುಲಾಕ್
14 ಸೆಪ್ಟೆಂಬರ್ 1977

ಎಸ್ಪೆನ್ಬೆತ್,

ನಿನ್ನ ಪ್ರತಿಯನ್ನು ಓದಿದೆ. ಮೇಜಿನ ಮೇಲೆ ಹತ್ತಿಯೇ ಓದಿದೆ. ಯಂತ್ರ ನಿಲ್ಲಿಸಿ ಕೇಳಿದರು. ಪಕ್ಕದ ಮೇಜಿನವಳು ಏಪ್ರನ್‌ನಿಂದ ಮುಖ ಮುಚ್ಚಿಕೊಂಡಳು. ಒಂಬತ್ತು ತಿಂಗಳಲ್ಲಿ ಅಂದು ರಾತ್ರಿ ಮೊದಲ ಸಲ ನಿದ್ದೆ ಮಾಡಿದೆ.

ಝೈಸಾನ್‌ಗೆ ಹೋಗಬೇಕಾದರೆ ಹೋಗು, ರೈಲಿಗೆ ಅಡ್ಡ ನಿಲ್ಲುವುದಿಲ್ಲ. ಅಲ್ಲೂ ಗಡ್ಡೆ ಕಟ್ಟುತ್ತದೆ, ಅಲ್ಲೂ ಜೊಂಡು ನೆಡುತ್ತಾರೆ. ನೀನು ನೋಡಿಕೊಂಡೇ ಬದುಕಬೇಕು.

ನಾಲ್ಕು ಜನ ಹಿರಿಯರ ಮಾತು ಬೇಡ. ಅವರು ಗಡ್ಡ ನೀವಿಕೊಂಡು, ಹುಡುಗಾಟಕ್ಕೆ ಆಯಿತು, ರಕ್ತಸಂಬಂಧ, ನುಂಗಿಕೋ ಮಗಳೇ ಎನ್ನುತ್ತಾರೆ. ನಾನು ನುಂಗುವುದಿಲ್ಲ. ಅಷ್ಟು ಜನರ ಮುಂದೆ ಕುಡುಕ ಎನಿಸಿಕೊಂಡ ಮನುಷ್ಯ, ಅಷ್ಟೇ ಜನರ ಮುಂದೆ ತೊಳೆದುಕೊಂಡು ಹೋಗಲಿ. ಇನ್ನೂರು ಮಂದಿಗೆ ಹೇಳಿ ಕಳಿಸಿದ್ದೇನೆ. ಒಬ್ಬೊಬ್ಬರಾಗಿ ಬರುತ್ತಾರೆ. ಹತ್ತನೆಯವನಿಗೆ ಹೇಳುವಾಗ ನಿನ್ನ ದನಿ ಒಡೆಯುತ್ತದೆ, ಐವತ್ತನೆಯವನಿಗೆ ಹೇಳುವಾಗ ಕಣ್ಣೀರೂ ಬತ್ತಿರುತ್ತದೆ. ನಿಲ್ಲಿಸಬೇಡ.

ಜಾನಿಲ್‌ಗೆ ಗಡ್ಡೆ ಒಡೆಯಿತು ಎಂದಷ್ಟೇ ಇರಲಿ ಎಂದಿದ್ದೀಯ. ಅವಳು ನೀರಿನ ಹೂಜಿ ಹಿಡಿದು ನಿನ್ನ ಪಕ್ಕದಲ್ಲೇ ನಿಲ್ಲುತ್ತಾಳೆ, ಬಂದವರ ಕೈಗೆ ನೀರು ಹಾಕಲು. ನಮ್ಮಪ್ಪ ಕುಡಿದು ಸತ್ತನಂತೆ ಎಂದು ಶಾಲೆಯಿಂದ ಅಳುತ್ತಾ ಬಂದವಳು ಅವಳು, ನೀನಲ್ಲ. ಅವಳೂ ಕೇಳಲಿ. ಆಮೇಲೆ ನಿನ್ನನ್ನು ಮಾವ ಎಂದು ಕರೆಯಬೇಕೋ ಬೇಡವೋ ಅವಳೇ ನೋಡಿಕೊಳ್ಳುತ್ತಾಳೆ, ನಾನು ಹೇಳಿಕೊಡುವುದಿಲ್ಲ.

ಎಲ್ಲರೂ ಒಳಗೆ ಹೋಗಿ ಕೂತ ಮೇಲೆ ಮುಗಿಯಿತು ಎಂದುಕೊಂಡು ಕೋಲು ಕೆಳಗಿಡಬೇಡ. ಹೆಂಗಸರು ಆ ಬಾಗಿಲಲ್ಲಿ ಕೇಳುವ ಪದ್ಧತಿಯಿಲ್ಲ, ಗೊತ್ತು. ಅಂದು ನಾನು ಕೇಳುತ್ತೇನೆ. ಎಲ್ಲರಿಗಿಂತ ಕೊನೆಗೆ ಹೊರಗಿನಿಂದ ನಡೆದು ಬಂದು ನಿನ್ನ ಹೆಗಲಿಗೆ ಕೈಹಾಕಿ, ನನ್ನ ಗಂಡ ಹೇಗೆ ಹೋದ ಎಂದು ಕೇಳುತ್ತೇನೆ. ನನಗೆ ಕಾಗದದಲ್ಲಿ ಹೇಳಿದ್ದೀಯ, ಮುಖ ನೋಡಿ ಹೇಳಿಲ್ಲ.

ಉಲ್ಮೆಕೆನ್